ಹಂಡೆ ನೀರು, ತಂಬಿಗೆ ನೀರು

ಜಪಾನಿಗೆ ಆನ್‌ಸೈಟ್ ಹೋಗಿಬಂದ ನಮ್ಮ ಕನ್ನಡದ ಸಾಫ್ಟ್‌ವೇರಿಗರು ಬರೆಯುವುದಕ್ಕೆ ಒಂದು ಅಚ್ಚು ಇದೆ. ರೈಲು ನಿಮಿಷ ತಪ್ಪದೆ ಬಂತು, ರಸ್ತೆಯಲ್ಲಿ ಒಂದು ಕಾಗದದ ಚೂರಿಲ್ಲ, ಬಿಸಿನೀರ ಬುಗ್ಗೆಯ ಊರಿನಲ್ಲಿ ಒಂದು ಪುಟ್ಟ ರಿಯೋಕಾನ್‌ನಲ್ಲಿ ರಾತ್ರಿ ಉಳಿದೆವು, ಆಹಾ ಏನು ಶುಚಿ, ಏನು ಶಿಸ್ತು! ಕೊನೆಯ ಪ್ಯಾರಾದಲ್ಲಿ ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ ಅಂತ ಒಂದು ನಿಟ್ಟುಸಿರು. ಕೆಳಗೆ ಕಾಮೆಂಟಿನಲ್ಲಿ ಇನ್ನೊಬ್ಬರು ತಪ್ಪದೆ ಹಾಜರು: "ಇದೆಲ್ಲ ನಮ್ಮಲ್ಲೇ ಇತ್ತು ಸಾರ್. ಚಪ್ಪಲಿ ಹೊರಗೆ ಬಿಡೋದು, ಮೈ ತೊಳೆದು ಒಳಗೆ ಬರೋದು, ನೆಲದ ಮೇಲೆ ಕೂತು ಉಣ್ಣೋದು. ಇದನ್ನೇ ಅಲ್ಲವೇ ನಮ್ಮ ಹಿರಿಯರು ಮಡಿ ಅಂದಿದ್ದು?"

ನನಗೆ ಈ ಇಬ್ಬರ ಮೇಲೂ ಜಗಳ ಇದೆ. ಅದಕ್ಕೆ ಮೊದಲು ನಾನೂ ಅದೇ ಪಾಪ ಮಾಡಿದವನು ಅಂತ ಒಪ್ಪಿಕೊಂಡುಬಿಡುತ್ತೇನೆ.

ಪ್ರಾಜೆಕ್ಟಿನ ಮೇಲೆ ಟೋಕಿಯೋದಲ್ಲಿ ಐದು ತಿಂಗಳಿದ್ದಾಗ ಒಂದು ವಾರಾಂತ್ಯ ಗುನ್ಮಾ ಪ್ರಾಂತ್ಯದ ಕುಸಾತ್ಸುಗೆ ಹೋಗಿದ್ದೆ. ಗುಡ್ಡದ ಮೇಲಿನ ಊರು, ರೈಲಿಲ್ಲ, ಕೊನೆಗೆ ಬಸ್ಸೇ ಗತಿ. ಊರಿನ ನಟ್ಟನಡುವೆ ಯುಬಾತಾಕೆ, ಅಂದರೆ ಬಿಸಿನೀರಿನ ಹೊಲ. ನೆಲದೊಳಗಿಂದ ಉಕ್ಕುವ ಗಂಧಕದ ನೀರು ಮರದ ದೋಣಿಗಳಲ್ಲಿ ಹರಿದು ಆರುತ್ತಾ ಹೋಗುತ್ತದೆ. 50 ಡಿಗ್ರಿಗೂ ಮೇಲಿನ ನೀರು. ತಣ್ಣೀರು ಬೆರೆಸಿದರೆ ಗುಣ ಕೆಡುತ್ತದೆಂದು ಉದ್ದುದ್ದ ಹಲಗೆಗಳಿಂದ ಕಲಕಿ ಕಲಕಿ ಆರಿಸುವ ಪದ್ಧತಿ ಅಲ್ಲಿನದು. ನಾವಿದ್ದ ರಿಯೋಕಾನ್‌ನಲ್ಲಿ ಏಳೋ ಎಂಟೋ ಕೋಣೆ. ಬಾಗಿಲಲ್ಲಿ ಶೂ ಬಿಚ್ಚಬೇಕು, ಚಾಪೆಯ ಕೋಣೆಗೆ ಚಪ್ಪಲಿಯೂ ಇಲ್ಲ, ಪಾಯಿಖಾನೆಗೇ ಬೇರೆ ಚಪ್ಪಲಿ. ಯುಕಾತಾ ಉಡುವಾಗ ಎಡಗಡೆಯದು ಮೇಲೆ ಬರಬೇಕು, ತಿರುಗಿಸಿ ಉಟ್ಟರೆ ಅದು ಹೆಣಕ್ಕೆ ಉಡಿಸುವ ರೀತಿ. ಆರು ಗಂಟೆಗೆ ಊಟ ಅಂದರೆ ಆರಕ್ಕೇ ಊಟ. (ಸಸ್ಯಾಹಾರಿ ಅಂತ ಹತ್ತು ಸಲ ಹೇಳಿದರೂ ಸಾರಿನಲ್ಲಿ ಮೀನಿನ ರಸ ಇದ್ದೇ ಇರುತ್ತದೆ, ನನ್ನ ಹೊಟ್ಟೆ ತುಂಬಿದ್ದು ಅನ್ನ ಮತ್ತು ಉಪ್ಪಿನಕಾಯಿಯಲ್ಲಿ.) ಉಂಡು ಬರುವಷ್ಟರಲ್ಲಿ ಯಾರೋ ಹಾಸಿಗೆ ಹಾಸಿಟ್ಟಿರುತ್ತಾರೆ.

ಇದಕ್ಕೆಲ್ಲ ನಾನು ತಲೆಬಾಗಿದೆ. ಇದೇ ನಿಯಮಗಳನ್ನು ನಮ್ಮಮ್ಮ ಹೇಳಿದ್ದರೆ ಗೊಣಗಿರುತ್ತಿದ್ದೆ.

ಆಮೇಲೆ ಸ್ನಾನ. ಸಣ್ಣ ಮರದ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈಯೆಲ್ಲ ತೊಳೆದುಕೊಂಡು, ನೊರೆಯ ಗುರುತಿಲ್ಲದಂತೆ ನೀರು ಹಾಕಿಕೊಂಡು, ಆಮೇಲೆ ತೊಟ್ಟಿಗಿಳಿಯಬೇಕು. ಗಂಡಸರಿಗೊಂದು ಹೆಂಗಸರಿಗೊಂದು ತೊಟ್ಟಿ. ಮೈಮೇಲೆ ನೂಲೆಳೆ ಇರಕೂಡದು. ನಾವು ಇಬ್ಬರು ಹೋಗಿದ್ದೆವು, ನಾನು ಮತ್ತು ನನ್ನ ಬಾಲ್ಯದ ಗೆಳೆಯ. ಒಂದೇ ಊರು, ಒಂದೇ ಶಾಲೆ, ದಾವಣಗೆರೆಯಲ್ಲಿ ಒಂದೇ ಇಂಜಿನಿಯರಿಂಗ್ ಕಾಲೇಜು, ಈಗ ಒಂದೇ ಕಂಪನಿ. ಕುತ್ತಿಗೆವರೆಗೆ ನೀರಿನಲ್ಲಿ ಕೂತು ಕಣ್ಣು ಮುಚ್ಚಿದ್ದವನು ಇದ್ದಕ್ಕಿದ್ದಂತೆ ಅಂದ:

"ನಿಮ್ಮಜ್ಜಿ ಈಗ ನೋಡಿದ್ರೆ ಏನ್ ಅಂತಿದ್ಳಲೇ?"

ನಾನು ನಕ್ಕೆ. ಅವನು ನಗಲಿಲ್ಲ.

ನಮ್ಮಜ್ಜಿಯ ಮನೆ ಹರಿಹರದ ಹತ್ತಿರದ ಸಾರಥಿ. ಬೇಸಿಗೆ ರಜೆಯಲ್ಲಿ ಹೊಳೆಯಲ್ಲಿ ಬಿದ್ದು ಹೊರಳಾಡಿ ಕೆಸರು ಮೆತ್ತಿಕೊಂಡು ಬರುತ್ತಿದ್ದೆವು. ನನಗೆ ಬಚ್ಚಲಮನೆ. ದೊಡ್ಡ ತಾಮ್ರದ ಹಂಡೆ, ಕೆಳಗೆ ಮೆಕ್ಕೆಜೋಳದ ಬೆಂಡಿನ ಉರಿ, ಅಜ್ಜಿ ಬೆನ್ನು ತಿಕ್ಕಿ ತಿಕ್ಕಿ ಹೊಗೆವಾಸನೆಯ ಬಿಸಿನೀರು ಹುಯ್ಯುತ್ತಿದ್ದಳು. ಅವನಿಗೆ ಅಂಗಳ. ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ಅವನಿಗೆ ತಾಗದಂತೆ ದೂರದಿಂದ ಹುಯ್ಯುವುದು. ನೀರು ಅದೇ ಹಂಡೆಯದು, ಬಿಸಿಯೂ ಅಷ್ಟೇ. ಅಜ್ಜಿ ಕೆಟ್ಟವಳಲ್ಲ, ಅವನಿಗೂ ಕರೆದು ರೊಟ್ಟಿ ಕೊಡುತ್ತಿದ್ದಳು, ಕಟ್ಟೆಯ ಮೇಲೆ ಇಟ್ಟು. ಇದೆಲ್ಲ ನಡೆಯುವಾಗ ನಡುಮನೆಯ ಗೋಡೆಯಲ್ಲಿ ಬಸವಣ್ಣನ ಫೋಟೋ ಇತ್ತು. ಈಗಲೂ ಇದೆ.

ಈಗ ಹೇಳಿ, ಮಡಿ ಅಂದರೆ ರಿಯೋಕಾನ್‌ನ ಶುಚಿಯೇ ಅನ್ನುವವರೇ. ಆ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಸೋಪು ಹಾಕಿದರೆ ಯಾರು ಬೇಕಾದರೂ ತೊಟ್ಟಿಗಿಳಿಯಲು ಯೋಗ್ಯ. ನಮ್ಮ ಮಡಿಯಲ್ಲಿ ನನ್ನ ಗೆಳೆಯ ಎಷ್ಟು ಸೋಪು ಹಾಕಿಕೊಂಡಿದ್ದರೆ ಬಚ್ಚಲ ಹೊಸಿಲು ದಾಟಬಹುದಿತ್ತು? ಒಂದು ಕೊಳೆಯ ಲೆಕ್ಕ, ಇನ್ನೊಂದು ಹುಟ್ಟಿನ ಲೆಕ್ಕ. ಚಪ್ಪಲಿ ಎರಡು ಕಡೆಯೂ ಬಾಗಿಲ ಹೊರಗಿದೆ ಅಂದಮಾತ್ರಕ್ಕೆ ಎರಡೂ ಒಂದೇ ಆಗುತ್ತದಾ?

ಇನ್ನು ಆ ಮೊದಲ ಗುಂಪು, ಜಪಾನೀಯರ ರಕ್ತದಲ್ಲೇ ಶಿಸ್ತು ಇದೆ ಅನ್ನುವವರು. ನಾನು ಮುಳುಗೆದ್ದು ಬಂದ ಕುಸಾತ್ಸುವಿನದೇ ಕಥೆ ಕೇಳಿ. ಅಲ್ಲಿನ ನೀರಿಗೆ ಚರ್ಮರೋಗ ವಾಸಿಯಾಗುತ್ತದೆಂದು ಕುಷ್ಠರೋಗಿಗಳು ಬಂದು ಸೇರುತ್ತಿದ್ದರು. 1887ರಲ್ಲಿ ಅವರನ್ನು ಊರಿನ ನಡುವಿನಿಂದ ಎಬ್ಬಿಸಿ ಯುನೋಸಾವಾ ಎಂಬಲ್ಲಿ ಬೇರೆ ಇರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೇರಿ. 1932ರಲ್ಲಿ ಅವರಿಗಾಗಿ ಸರ್ಕಾರಿ ಆಸ್ಪತ್ರೆ ಬಂತು. ಅದರೊಳಗೆ 1938ರಿಂದ 1947ರವರೆಗೆ ಒಂದು ಸೆರೆಮನೆಯೂ ಇತ್ತು. ಹಿಮ ಸುರಿಯುವ ಆ ಗುಡ್ಡದಲ್ಲಿ, ಬೆಳಕಿಲ್ಲದ ಕೋಣೆಗಳಲ್ಲಿ 93 ರೋಗಿಗಳನ್ನು ಕೂಡಿಹಾಕಿದ್ದರು, ಅವರಲ್ಲಿ 23 ಜನ ಸತ್ತರು. ರೋಗಿಗಳನ್ನು ಬೇರ್ಪಡಿಸುವ ಕಾನೂನು ರದ್ದಾಗಿದ್ದು 1996ರಲ್ಲಿ. ಆದ ಮೇಲೂ 2003ರಲ್ಲಿ ಕುಮಾಮೊಟೊ ಪ್ರಾಂತ್ಯದ ಬಿಸಿನೀರ ಹೋಟೆಲೊಂದು, ಎಂದೋ ಗುಣವಾಗಿದ್ದ ಹಳೆಯ ರೋಗಿಗಳಿಗೆ ಕೋಣೆ ಕೊಡುವುದಿಲ್ಲ ಅಂತು. ಹೊಕ್ಕೈಡೋ ದ್ವೀಪದ ಒತಾರುವಿನಲ್ಲಿ ಒಂದು ಸ್ನಾನಗೃಹ 'ಜಪಾನೀಯರಿಗೆ ಮಾತ್ರ' ಅಂತ ಬೋರ್ಡು ಹಾಕಿತ್ತು. ಹೊರಗೆ ನಿಲ್ಲಿಸಲ್ಪಟ್ಟ ಮೂವರು ಕೋರ್ಟಿಗೆ ಹೋದರು. 2002ರಲ್ಲಿ ಸಪೋರೊ ನ್ಯಾಯಾಲಯ ತಲಾ ಹತ್ತು ಲಕ್ಷ ಯೆನ್ ಪರಿಹಾರ ಕೊಡಿಸಿತು.

ರಕ್ತದಲ್ಲಿ ಏನೂ ಇಲ್ಲ ಸ್ವಾಮಿ. ಹೊರಗೆ ನಿಂತವರು ಜಗಳ ಮಾಡಿದ್ದಕ್ಕೆ ಬಾಗಿಲು ತೆರೆದಿದೆ, ಅಲ್ಲೂ.

ನಮ್ಮಲ್ಲಿ ಆ ಜಗಳ ಆಗಿಲ್ಲ ಅಂತಲ್ಲ. 1927ರಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಲಿಕ್ಕೆ ಅಂಬೇಡ್ಕರ್ ಸಾವಿರಾರು ಜನರ ಜತೆ ನಡೆದರು. ಸಂವಿಧಾನದ 15ನೇ ವಿಧಿ ತೆಗೆದು ನೋಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಜತೆಗೆ ಸ್ನಾನಘಟ್ಟ ಅಂತಲೇ ಬರೆದಿದೆ. ಒಂದು ದೇಶದ ಸಂವಿಧಾನದಲ್ಲಿ ಸ್ನಾನದ ಮಾತು ಬರೆಯಬೇಕಾಯಿತು ಅಂದರೆ ನಮ್ಮ ಬಚ್ಚಲು ಎಂಥದಿತ್ತು ಲೆಕ್ಕ ಹಾಕಿ. ಛತ್ರಗಳು ನಮ್ಮಲ್ಲೂ ಬೇಕಾದಷ್ಟಿದ್ದವು, ದಾರಿಹೋಕನಿಗೆ ನೀರು, ನೆರಳು, ಊಟ. ಅವು ಯಾಕೆ ರಿಯೋಕಾನ್ ಆಗಲಿಲ್ಲ ಅಂತ ಕೊರಗುವವರು ಒಮ್ಮೆ ಊರೂರಿನ ಛತ್ರ, ಹಾಸ್ಟೆಲು, ಕಲ್ಯಾಣಮಂಟಪಗಳ ಬೋರ್ಡು ಓದಲಿ. ಎಷ್ಟು ಬೋರ್ಡಿನಲ್ಲಿ ಜಾತಿಯ ಹೆಸರಿಲ್ಲ? ಹರಿಹರದಲ್ಲಿ 1224ರ ಹೊತ್ತಿಗೇ ಪೋಲಾಳ್ವ ದಂಡನಾಯಕ ಗುಡಿ ಕಟ್ಟಿಸಿ ಹರಿಯನ್ನೂ ಹರನನ್ನೂ ಒಂದೇ ಮೈಯಲ್ಲಿ ನಿಲ್ಲಿಸಿದ. ದೇವರು ಒಂದಾಗಿ ಎಂಟುನೂರು ವರ್ಷ ಆಯಿತು.

'ನಮ್ಮಲ್ಲೂ ಬಿಸಿನೀರ ಬುಗ್ಗೆ ಇದೆ, ಜಪಾನೀಯರ ಕೈಗೆ ಸಿಕ್ಕಿದ್ದರೆ!' ಅನ್ನುವ ಮಾತೂ ಕೇಳಿದ್ದೇನೆ. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಮಾತದು. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಅಡಿಕೆ ತೋಟಗಳ ಸೀಮೆಯಲ್ಲಿ ಹೊಳೆಯ ಪಕ್ಕದ ಒಂದು ಕೊಳ, 40 ಡಿಗ್ರಿಯ ಆಸುಪಾಸಿನ ಬಿಸಿ ದಾಖಲಾಗಿದೆ. ಜಪಾನಿನ 1948ರ ಕಾನೂನಿನ ಪ್ರಕಾರ ಬುಗ್ಗೆಯಲ್ಲಿ 25 ಡಿಗ್ರಿ ಇದ್ದರೂ ಸಾಕು, ಅದು ಓನ್ಸೆನ್. ಹಾಗಾಗಿ ನೀರಿನ ಕೊರತೆಯ ನೆಪ ಬೇಡ. ಆದರೆ ನಾವು ಅಲ್ಲಿ ಏನು ಕಟ್ಟುತ್ತೇವೆ ಅಂತ ನನಗೆ ಈಗಲೇ ಕಾಣುತ್ತದೆ: ಕಾಂಪೌಂಡು, ಗೇಟು, ರೆಸಾರ್ಟು, ಕೋಣೆಗೊಂದು ಖಾಸಗಿ ತೊಟ್ಟಿ. ಕುಸಾತ್ಸುವಿನಲ್ಲಿ ಯುಬಾತಾಕೆಯ ಪಕ್ಕದಲ್ಲೇ ಶಿರಾಹತಾ ಅನ್ನುವ ಸ್ನಾನದ ಮನೆ ಇದೆ. ಪುಕ್ಕಟೆ, ಊರವರೂ ಪರಊರವರೂ ಒಟ್ಟಿಗೇ ಇಳಿಯುವ ತೊಟ್ಟಿ. ಅಂಥದ್ದನ್ನು ಕಟ್ಟೋಣ ಅಂತ ಜಪಾನಿನಿಂದ ಬಂದ ಒಬ್ಬನೂ ಬರೆದಿದ್ದು ನಾನು ಓದಿಲ್ಲ. ಮನೆಕೆಲಸದವರಿಗೆ ಬೇರೆ ಲಿಫ್ಟು ಇಟ್ಟ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ರಿಯೋಕಾನ್‌ನ ಸಮಾನತೆಯ ಬಗ್ಗೆ ಬರೆಯುವುದು ಸುಲಭ. ನಾನಿರುವ ಕಟ್ಟಡದಲ್ಲೂ ಆ ಲಿಫ್ಟು ಇದೆ. ಅಸೋಸಿಯೇಶನ್ ಮೀಟಿಂಗಿನಲ್ಲಿ ನಾನು ಇದುವರೆಗೆ ಬಾಯಿ ಬಿಟ್ಟಿಲ್ಲ.

ಊರಿಗೆ ಹೋದಾಗ ಅಜ್ಜಿಗೆ ಫೋಟೋ ತೋರಿಸಿದೆ. ಎಂಬತ್ತು ದಾಟಿದೆ, ಕಣ್ಣು ಮಂದ. "ಅಷ್ಟು ನೀರು ಕಾಸೋರು ಯಾರಪ್ಪ?" ಅಂತ ಕೇಳಿದಳು. ಭೂಮಿಯೇ ಕಾಸುತ್ತೆ ಅಜ್ಜಿ, ಅಂದೆ. ಜತೆಗೆ ಯಾರಿದ್ದರು ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಹುಡುಗ ಚೆಂದ ಓದ್ತಿದ್ದ" ಅಂದಳು, ಅಷ್ಟೇ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಸಾರಥಿಗೆ ಬಾರಲೇ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡೋಣ ಅಂತ ಅವನನ್ನು ಕರೆದಿದ್ದೇನೆ. ಅವನು ಕೇಳಿದ, "ಹಂಡೆ ನೀರಾ, ತಂಬಿಗೆ ನೀರಾ?"

ಅಜ್ಜಿಯನ್ನು ನಾನಿನ್ನೂ ಕೇಳಿಲ್ಲ.