ಸುನ್ನತಿ: ಲುವೋ ಜನ ಒಪ್ಪಿದ್ದು ಹೇಗೆ?

ಪುರುಷರ ಸುನ್ನತಿಯಿಂದ ಎಚ್‌ಐವಿ ತಗಲುವ ಅಪಾಯ ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡಾದ ರಾಕಾಯ್‌ಗಳಲ್ಲಿ ನಡೆದ ಮೂರು ಪ್ರಯೋಗಗಳು, ಹೆಣ್ಣಿನಿಂದ ಗಂಡಿಗೆ ಸೋಂಕು ದಾಟುವ ಸಾಧ್ಯತೆ ಶೇ 60ರಷ್ಟು ಇಳಿಯುತ್ತದೆಂದು ತೋರಿಸಿದವು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಆದರೆ ಜನ ಈ ಶಸ್ತ್ರಚಿಕಿತ್ಸೆಗೆ ಮುಂದೆ ಬಂದದ್ದು ಶೇಕಡಾವಾರು ಲೆಕ್ಕ ನೋಡಿ ಅಲ್ಲ. ತಮ್ಮ ಜನಾಂಗದ ಮಾನಕ್ಕೆ ಇದರಿಂದ ಧಕ್ಕೆಯಿಲ್ಲ ಎಂದು ಖಾತರಿಯಾದ ಮೇಲೆ ಬಂದರು.

ಕೆನ್ಯಾದ ಲುವೋ ಜನರನ್ನೇ ನೋಡಿ. ನಮ್ಮಲ್ಲಿ ಸುನ್ನತಿ ಧರ್ಮದ ಗುರುತಾಗಿರುವಂತೆ ಅಲ್ಲಿ ಅದು ಜನಾಂಗದ ಗುರುತು. ಕೆಳದವಡೆಯ ಆರು ಹಲ್ಲು ಕೀಳಿಸಿಕೊಳ್ಳುವುದು ಲುವೋಗಳ ಹಳೆಯ ಸಂಸ್ಕಾರವಾಗಿತ್ತೇ ಹೊರತು ಸುನ್ನತಿ ಅಲ್ಲ. ಸುನ್ನತಿಯಾಗದವನು ಗಂಡಸೇ ಅಲ್ಲ, ದೇಶ ಆಳಲು ಯೋಗ್ಯನಲ್ಲ ಎಂಬ ಹೀಗಳಿಕೆಯನ್ನು ಅವರು ರಾಜಕೀಯದಲ್ಲಿ ದಶಕಗಳ ಕಾಲ ಕೇಳಿದ್ದಾರೆ. 2007ರ ಚುನಾವಣೆಯ ನಂತರದ ಗಲಭೆಯಲ್ಲಂತೂ ಲುವೋ ಗಂಡಸರನ್ನು ಹಿಡಿದು ಬಲವಂತವಾಗಿ ಕತ್ತರಿಸಿದ ಕ್ರೌರ್ಯ ನಡೆಯಿತು. ಆ ಗಾಯ ಹಸಿಯಾಗಿರುವಾಗಲೇ, 2008ರಲ್ಲಿ, ಸರ್ಕಾರ ಸುನ್ನತಿ ಕಾರ್ಯಕ್ರಮ ತಂದಿತು. ಇದು ನಮ್ಮ ಪದ್ಧತಿಯಲ್ಲ ಎಂದು ಲುವೋ ಹಿರಿಯರ ಮಂಡಳಿ ತಕರಾರು ತೆಗೆದದ್ದು ಸಹಜವೇ. ಮಾತುಕತೆ ನಡೆಯಿತು. ಇದು ಸಂಸ್ಕಾರವಲ್ಲ, ಚಿಕಿತ್ಸೆ; ಬೇಕೋ ಬೇಡವೋ ಎಂಬುದು ಆಯಾ ವ್ಯಕ್ತಿಗೆ ಬಿಟ್ಟದ್ದು ಎಂಬ ನಿಲುವು ಮೂಡಿತು. ಲುವೋ ಜನಾಂಗದವರೇ ಆದ ಆಗಿನ ಪ್ರಧಾನಿ ರೈಲಾ ಒಡಿಂಗಾ ಬಹಿರಂಗವಾಗಿ ಬೆಂಬಲಿಸಿದರು. 2007ರಲ್ಲಿ ಲುವೋಗಳ ನೆಲೆಯಾದ ನ್ಯಾಂಜಾ ಪ್ರಾಂತ್ಯದ ಗಂಡಸರಲ್ಲಿ ಶೇ 48ರಷ್ಟಿದ್ದ ಸುನ್ನತಿ 2012ರ ಹೊತ್ತಿಗೆ ಶೇ 66ಕ್ಕೆ ಏರಿತು. ಅಲ್ಲಿನ ಕಿಸಿ ಜನ ಮೊದಲಿನಿಂದಲೂ ಸುನ್ನತಿ ಪಾಲಿಸುವವರಾದ್ದರಿಂದ ಈ ಏರಿಕೆ ಬಹುಪಾಲು ಲುವೋಗಳದ್ದೇ.

ಸೋಂಕು ಹರಡುತ್ತಿರುವಾಗ ಮಾತುಕತೆಗೆ ಕಾಲ ಕಳೆದರೆ ಜೀವಗಳು ಹೋಗುತ್ತವಲ್ಲ ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಸ್ವಾಜಿಲ್ಯಾಂಡ್ 2011ರಲ್ಲಿ ದೊಡ್ಡ ಗುರಿಯಿಟ್ಟು ಅವಸರದ ಆಂದೋಲನಕ್ಕೆ ಇಳಿದಾಗ ಹಣವಿತ್ತು, ವೈದ್ಯರಿದ್ದರು. ಬಂದವರು ಮಾತ್ರ ಗುರಿಗಿಂತ ತೀರಾ ಕಡಿಮೆ. ಗುರಿಯ ಒತ್ತಡಕ್ಕೆ ಇನ್ನೊಂದು ಮುಖವೂ ಇದೆ. ಕೂಲಿ ತಪ್ಪುತ್ತದೆ, ನೋವು, ಆರು ವಾರ ಲೈಂಗಿಕ ಸಂಪರ್ಕ ಕೂಡದು, ಹೆಂಡತಿಗೆ ಏನು ಹೇಳುವುದು ಎಂಬ ಅಳುಕು: ಇವೆಲ್ಲ ಕಾರಣವಾಗಿ ಹಲವೆಡೆ ಸೋಂಕಿನ ಅಪಾಯ ಹೆಚ್ಚಿರುವ ವಯಸ್ಕರು ಹಿಂದೆ ಸರಿದರು, ಗುರಿಯ ಲೆಕ್ಕ ತುಂಬಲು ಹುಡುಗರು ಸಾಲುಗಟ್ಟಿದರು. 2020ರಲ್ಲಿ ಅಮೆರಿಕದ ನೆರವಿನ ಯೋಜನೆ ಶಸ್ತ್ರಚಿಕಿತ್ಸೆಗೆ ಕನಿಷ್ಠ 15 ವರ್ಷ ಎಂದು ನಿಗದಿಪಡಿಸಿತು. ಚಿಕ್ಕವರಲ್ಲಿ ತೊಡಕುಗಳು ಕಂಡುಬಂದಿದ್ದವು. ಅವರ ಸಮ್ಮತಿಗೆ ಎಷ್ಟು ಅರ್ಥವಿದೆ ಎಂಬ ಪ್ರಶ್ನೆಯಂತೂ ಇದ್ದೇ ಇತ್ತು.

ಹೆಂಗಸರಿಗೇನು ಲಾಭ ಎಂಬ ಪ್ರಶ್ನೆ ಇನ್ನೂ ಕಠಿಣ. ಆಗಲೇ ಸೋಂಕಿರುವ ಗಂಡಸಿಗೆ ಸುನ್ನತಿ ಮಾಡಿದರೆ ಸಂಗಾತಿಗೆ ರಕ್ಷಣೆ ಸಿಗುವುದಿಲ್ಲವೆಂದು ರಾಕಾಯ್‌ನ ಮತ್ತೊಂದು ಪ್ರಯೋಗ ತಿಳಿಸಿತು. ಗಂಡಸರಲ್ಲಿ ಸೋಂಕು ಇಳಿದಂತೆ ಹೆಂಗಸರಿಗೂ ಅಪಾಯ ಇಳಿಯುತ್ತದೆ, ಆದರೆ ನಿಧಾನವಾಗಿ. ಹಾಗಾಗಿ ಶಿಬಿರಕ್ಕೆ ಬಂದವನಿಗೆ ಕಾಂಡೋಮ್ ಬಿಡುವಂತಿಲ್ಲ ಎಂದು ಬಿಡಿಸಿ ಹೇಳಬೇಕು. ಅವನ ಸಂಗಾತಿಗೂ ಅದೇ ಮಾತು ನೇರವಾಗಿ ತಲುಪಬೇಕು.