ಹೊಲದಲ್ಲಿ ಸರದಿ ನಡೆಯದು

ನಂದೂರಿನ ತೊಗರಿ ಹೊಲವೊಂದರ ಬದುವಿನ ಮೇಲೆ ನಿಂತು ಹಿರಿಯ ರೈತರೊಬ್ಬರು ಬೆಳೆಯ ಫೋಟೊ ತೆಗೆದು ‘ಕಳುಹಿಸಿ’ ಒತ್ತಿದರು. ಪರದೆಯಲ್ಲಿ ಏನೂ ಬದಲಾಗಲಿಲ್ಲ. ಮತ್ತೆ ಒತ್ತಿದರು. ಮೂರನೆಯ ಸಲ ಒತ್ತಿ, ‘ಹೋಯ್ತೇನ್ರೀ, ಇಲ್ಲೋ?’ ಎಂದು ಕೇಳಿದರು. ಊರ ಹತ್ತಿರ ಸಿಗ್ನಲ್ ಸಿಕ್ಕಾಗ ಒಂದೇ ಫೋಟೊ ಮೂರು ಸಲ ಹೋಗಿತ್ತು. ಆ ಪ್ರಾಯೋಗಿಕ ಆ್ಯಪ್ ಬರೆದವನು ನಾನೇ.

ಸಿಗ್ನಲ್ಲನ್ನು ದೂರುವುದು ಸುಲಭ. ಆದರೆ ತಪ್ಪಿದ್ದದ್ದು ನನ್ನ ಕೋಡಿನ ನಂಬಿಕೆಯಲ್ಲಿ. ಮೊದಲು ಜಿಪಿಎಸ್, ಆಮೇಲೆ ಕ್ಯಾಮೆರಾ, ಆಮೇಲೆ ಬೆರಳು, ಕೊನೆಗೆ ಸರ್ವರಿನ ಉತ್ತರ ಎಂದು ಅದು ಸರದಿ ಹಿಡಿದು ಕೂತಿತ್ತು. ಹೊಲದಲ್ಲಿ ಈ ನಾಲ್ಕೂ ತಮಗೆ ಬೇಕಾದಾಗ ಬರುತ್ತವೆ. ಅವನ್ನು ಕಾಯಲು ಒಂದೊಂದಕ್ಕೂ ಒಂದು ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಓಡುವ ಕೋಡಿನ ತುಣುಕು), ಅದರೊಳಗೆ ಇನ್ನೊಂದು, ಯಾವುದು ಮುಗಿಯಿತು ಯಾವುದು ಬಾಕಿ ಎಂದು ನೆನಪಿಡಲು ಹತ್ತಾರು ಗುರುತು. ಬಗ್ ಅಡಗುವುದು ಆ ಗುರುತುಗಳ ಸಂದಿಯಲ್ಲೇ.

ರಿಯಾಕ್ಟಿವ್ ಪ್ರೋಗ್ರಾಮಿಂಗ್ ಬೇರೆ ದಾರಿ ಹಿಡಿಯುತ್ತದೆ. ಅದನ್ನು ತಿಳಿಯಲು ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲಿಗೆ ಹೋದರೆ ಸಾಕು. ಮಿಲ್ಲಿನವರು ಒಂದೊಂದು ಕಾಳಿನ ಬೆನ್ನು ಹತ್ತುವುದಿಲ್ಲ. ಜರಡಿ, ರೋಲರ್‌ಗಳನ್ನು ಜೋಡಿಸಿಡುತ್ತಾರೆ, ತೊಗರಿ ಹರಿಯುತ್ತದೆ. ಹಾಗೆಯೇ ಇಲ್ಲಿ ಬೆರಳ ಒತ್ತು, ಜಿಪಿಎಸ್ ಬಿಂದು, ನೆಟ್‌ವರ್ಕಿನ ಸ್ಥಿತಿ ಎಲ್ಲವೂ ಹರಿವು. ಒಂದು ಕಳುಹಿಸುವಿಕೆ ನಡೆಯುತ್ತಿರುವಾಗ ಬಂದ ಹೊಸ ಒತ್ತನ್ನು ಬಿಡು, ನಿಖರತೆ ಕಡಿಮೆಯಿರುವ ಬಿಂದುವನ್ನು ಸೋಸು, ಫೋಟೊ ಮತ್ತು ಸ್ಥಳ ಎರಡೂ ಸಿಕ್ಕಾಗ ಮಾತ್ರ ಕೂಡಿಸು: ಇವು ಜರಡಿಗಳು. ಮುಂದಿನ ಯಂತ್ರ ನಿಧಾನವಾದರೆ ಹಿಂದೆ ಕಾಳು ರಾಶಿಬೀಳುತ್ತದಲ್ಲ, ಆ ತೊಂದರೆಗೂ ಇಲ್ಲಿ ಹೆಸರಿದೆ, ಬ್ಯಾಕ್‌ಪ್ರೆಶರ್. ಮೈಕ್ರೋಸಾಫ್ಟ್‌ನಲ್ಲಿ ಎರಿಕ್ ಮೈಯರ್ ಮತ್ತು ಸಂಗಡಿಗರು ಆರ್‌ಎಕ್ಸ್ ಎಂಬ ಹೆಸರಲ್ಲಿ ರೂಪಿಸಿದ ಈ ಬಗೆಯನ್ನು ನೆಟ್‌ಫ್ಲಿಕ್ಸ್ 2013ರಲ್ಲಿ ಆರ್‌ಎಕ್ಸ್‌ಜಾವಾ ಆಗಿ ಎಲ್ಲರ ಕೈಗಿತ್ತಿತು. 2019ರಲ್ಲಿ ಆಪಲ್‌ನ ಕಂಬೈನ್ ಬಂತು. ಆಂಡ್ರಾಯ್ಡ್‌ನಲ್ಲಿ ಇಂದು ಕಾಟ್ಲಿನ್ ಫ್ಲೋ ಬಳಕೆಯಲ್ಲಿದೆ.

ಹಾಗೆಂದು ಎಲ್ಲಕ್ಕೂ ಇದನ್ನು ಹಚ್ಚಬೇಕೆಂದು ನಾನು ಹೇಳಲಾರೆ. ಒಂದೇ ಗುಂಡಿಯ ಪರದೆಗೆ ಇಡೀ ಮಿಲ್ಲು ಕಟ್ಟಿದರೆ ಮುಂದೆ ಅದನ್ನು ಓದುವವರಿಗೆ ಕಷ್ಟ. ಪರದೆ ಮುಚ್ಚಿದಾಗ ಹರಿವನ್ನು ಕಡಿಯಲು ಮರೆತರೆ ಅದು ಹಿನ್ನೆಲೆಯಲ್ಲೇ ನಡೆಯುತ್ತಾ ಬ್ಯಾಟರಿ ತಿನ್ನುತ್ತದೆ. ಉತ್ತರ ಬರಲಿಲ್ಲವೆಂದು ಮರಳಿ ಕಳುಹಿಸಿದರೆ ಮತ್ತೆ ಎರಡು ದಾಖಲೆ ಆದೀತು, ಏಕೆಂದರೆ ಮೊದಲನೆಯದು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಅದಕ್ಕೇ ಪ್ರತಿ ಫೋಟೊಗೆ ಫೋನೇ ಒಂದು ಗುರುತಿನ ಸಂಖ್ಯೆ ಕೊಡಬೇಕು, ಸರ್ವರ್ ಅದನ್ನು ಗುರುತಿಸಬೇಕು. ಇದನ್ನು ಯಾವ ಜರಡಿಯೂ ಮಾಡಿಕೊಡದು.

ನನಗೆ ತಡವಾಗಿ ಹೊಳೆದದ್ದು ಇನ್ನೊಂದು. ಆರ್‌ಎಕ್ಸ್‌ನಲ್ಲಿ ಹರಿವಿನೊಳಗೆ ದೋಷ ಬಿದ್ದರೆ ಆ ಹರಿವು ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಮೌನ. ಸಿಗ್ನಲ್ ಇಲ್ಲದಿರುವುದನ್ನು ನಾನು ದೋಷವೆಂದೇ ಬರೆದಿದ್ದೆ. ನಂದೂರಿನ ಹೊಲದಲ್ಲಿ ಅದು ದೋಷವಲ್ಲ, ದಿನದ ಮಾತು. ಈಗ ಅದೂ ಹರಿವಿನಲ್ಲಿ ಬರುವ ಒಂದು ಸುದ್ದಿ. ಬಂದ ಕೂಡಲೇ ಪರದೆಯ ಮೇಲೆ ಹೀಗೆ ಕಾಣಿಸುತ್ತದೆ: ‘ಫೋಟೊ ಫೋನಿನಲ್ಲಿದೆ. ಸಿಗ್ನಲ್ ಬಂದಾಗ ಹೋಗುತ್ತದೆ.’