ಪ್ಲಗ್ಗಿನ ಸೀಸ, ಮಣ್ಣಿನ ಸೀಸ

ಅಂಕೋಲೆಯ ಅಲಗೇರಿಯ ವಿಮಾನ ನಿಲ್ದಾಣ ಯೋಜನೆಯ ಚರ್ಚೆ ಇದುವರೆಗೆ ಭೂಮಿ, ಪರಿಹಾರಗಳ ಸುತ್ತಲೇ ನಡೆದಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಸೀಮೆಯಲ್ಲಿ ಅದು ಸಹಜ. ಆದರೆ ಅಲ್ಲಿ ಉರಿಯುವ ಇಂಧನ ಯಾವುದೆಂಬ ಪ್ರಶ್ನೆಯೂ ಈಗಲೇ ಏಳಬೇಕು.

ದೊಡ್ಡ ವಿಮಾನಗಳ ಜೆಟ್ ಇಂಧನದಲ್ಲಿ ಸೀಸ ಬೆರೆಸುವುದಿಲ್ಲ. ಖಾಸಗಿ ಒಡೆಯರ ಪುಟ್ಟ ಪಿಸ್ಟನ್ ಎಂಜಿನ್ ವಿಮಾನಗಳು ಬಹುತೇಕ ಬಳಸುವ ‘ಆವ್‌ಗ್ಯಾಸ್ 100 ಎಲ್‌ಎಲ್’ನಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸವಿರಬಹುದು. ನಮ್ಮ ದೇಶದ ವಾಹನಗಳ ಪೆಟ್ರೋಲಿನಿಂದ ಸೀಸ 2000ದಲ್ಲಿಯೇ ತೊಲಗಿತು. 2021ರಲ್ಲಿ ಜಗತ್ತಿನ ವಾಹನಗಳಿಂದಲೇ ತೊಲಗಿತು. ಆಕಾಶಕ್ಕೆ ಮಾತ್ರ ವಿನಾಯಿತಿ ಉಳಿಯಿತು.

ಒಡೆಯನಿಗೆ ಈ ಸೀಸ ಅಪರಿಚಿತವಲ್ಲ. ಸಾಮಾನ್ಯವಾಗಿ 100 ಗಂಟೆಗಳ ಹಾರಾಟಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದಕ್ಕೆ ಕಟ್ಟಿಕೊಂಡ ಸೀಸವನ್ನು ಕೆರೆದು ತೆಗೆಯುತ್ತಾನೆ. ಎಂಜಿನ್ ಉಳಿಯುತ್ತದೆ. ಹೊಗೆಯೊಂದಿಗೆ ಹೊರಬಿದ್ದ ಸೀಸವನ್ನು ಹೊಲದಿಂದ ಕೆರೆದು ತೆಗೆಯುವವರು ಯಾರು?

ಒಂದೆರಡು ವಿಮಾನಗಳಿಂದ ಬೀಳುವುದೆಷ್ಟು ಎನ್ನಬಹುದು. ಕಡಿಮೆಯೇ, ನಿಜ. ಆದರೆ ಸೀಸ ಕೊಳೆಯುವುದಿಲ್ಲ. ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ. ಕರಾವಳಿಯ ಆಮ್ಲಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಬೇರಿಗೆ ಹೆಚ್ಚು ಸುಲಭವಾಗಿ ದಕ್ಕುತ್ತದೆ. ಮಕ್ಕಳ ಮಿದುಳಿಗೆ ಹಾನಿ ಮಾಡದ ಪ್ರಮಾಣವನ್ನು ವಿಜ್ಞಾನ ಇನ್ನೂ ಕಂಡಿಲ್ಲ. ಅಮೆರಿಕದ ಪರಿಸರ ಸಂಸ್ಥೆಯೂ 2023ರಲ್ಲಿ ಈ ವಿಮಾನಗಳ ಸೀಸ ಜನಾರೋಗ್ಯಕ್ಕೆ ಅಪಾಯವೆಂದು ತೀರ್ಮಾನಿಸಿದೆ.

ಪರ್ಯಾಯಗಳು ಇಲ್ಲದಿಲ್ಲ. ಜೆಟ್ ಇಂಧನದಲ್ಲೇ ಓಡುವ ಡೀಸೆಲ್ ಮಾದರಿಯ ಪಿಸ್ಟನ್ ಎಂಜಿನ್‌ಗಳಿವೆ, ಸೀಸರಹಿತ ವಿಮಾನ ಪೆಟ್ರೋಲೂ ಇದೆ. ಅಲಗೇರಿಯಲ್ಲಿ ಖಾಸಗಿ ಪುಟ್ಟ ವಿಮಾನಗಳಿಗೆ ಎಂದಾದರೂ ಅವಕಾಶ ಕೊಡುವುದಾದರೆ, ಸೀಸವಿಲ್ಲದ ಇಂಧನವೇ ಮೊದಲ ಷರತ್ತಾಗಲಿ. ಮಣ್ಣಿಗೆ ಬಿದ್ದ ಮೇಲೆ ಬರುವ ಕಾನೂನಿನಿಂದ ಮಣ್ಣು ತಿಳಿಯಾಗದು.